ಗಂಜಾಮಿನ ಚರ್ಚು ಮತ್ತು ಅಬ್ಬೆ ದ್ಯುಬುವಾರ ಎರಡು ಗ್ರಂಥಗಳು

ಬೆಂಗಳೂರಿನಿಂದ ಡೋರ್ನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಹರಕೆ ಹೊತ್ತು ಹೊರಡುವ ಯಾತ್ರಿಕರು ಶ್ರೀರಂಗಪಟ್ಟಣ ಮೈಸೂರುಗಳನ್ನು ಹಾದು, ಇಲವಾಲ ಬಿಳಿಕೆರೆಗಳ ಮಾರ್ಗವಾಗಿ ಕೃಷ್ಣರಾಜನಗರದ ಸೀಮೆಯನ್ನು ಸೇರುತ್ತಾರೆ. ಜೂನ್ 13ರ ಹಬ್ಬವು ಸಮೀಪಿಸಿತೆಂದರೆ ಇಲವಾಲದ ಹೆದ್ದಾರಿಯಲ್ಲಿ ಈ ಯಾತ್ರೆಯ ವಾಹನಗಳನ್ನು ಕಾಣಬಹುದು. ಅವರಲ್ಲಿ ಕೆಲವರು ನಡುದಾರಿಯಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಇಳಿದು, ಅಲ್ಲಿಯ ಹಳೆಯ ಚರ್ಚಿನಲ್ಲಿ ಮೇಣದ ಬತ್ತಿಯನ್ನು ಹಚ್ಚಿ ಮುಂದುವರಿಯುವುದುಂಟು. ದರಿಯಾ ದೌಲತ್ತಿಗೂ ಗುಂಬಜಿಗೂ ನೆರೆಯಾಗಿರುವ ಈ ಸರಳವಾದ ಕಟ್ಟಡದಲ್ಲಿ ನೋಟಕರನ್ನು ಬೆರಗುಗೊಳಿಸುವಂಥದೇನೂ ಇಲ್ಲ. ಇದನ್ನು ಕಟ್ಟಿಸಿದವರು ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಗಳು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಬರೆದವರು ಎಂಬುದೇ ಯಾತ್ರಿಕನಿಗೂ ವಿದ್ಯಾರ್ಥಿಗೂ ಸಾಮಾನ್ಯವಾಗಿ ದೊರೆಯುವ ಅವರ ಪರಿಚಯ. ಆ ಪರಿಚಯವು ಎಷ್ಟರಮಟ್ಟಿಗೆ ಸಾಧುವೆಂಬುದೇ ಪ್ರಕೃತ ವಿಚಾರ.

ಗ್ರಂಥದ ಚರಿತ್ರೆಯು ವಿದ್ವಾಂಸರಿಗೆ ತಿಳಿದೇ ಇದೆ. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು ಹಸ್ತಪ್ರತಿಯನ್ನು ಮೆಚ್ಚಿ ಮದರಾಸಿನ ಸರ್ಕಾರದ ಗಮನಕ್ಕೆ ತಂದರು. 1807ರಲ್ಲಿ ಕಂಪನಿಯವರು 2,000 ವರಹಗಳನ್ನು ತೆತ್ತು ಅದನ್ನು ಕೊಂಡುಕೊಂಡರು. (ರೆಸಿಡೆಂಟರ ಬಂಗಲೆಯೊಂದು ಇಲವಾಲದಲ್ಲಿಯೂ ಇದ್ದಿತು, ಈ ಹಾದಿಗೂ ಆ ಅಧಿಕಾರಕ್ಕೂ ನಂಟು ಹಳೆಯದು.) 1816ರಲ್ಲಿ ಇಂಗ್ಲಿಷ್ ಅನುವಾದವೂ, 1825ರಲ್ಲಿ ಫ್ರೆಂಚ್ ಮೂಲದ ಪರಿಷ್ಕೃತ ರೂಪವೂ, 1897ರಲ್ಲಿ ಬೋಷಾಂಪರ ಹೊಸ ಅನುವಾದವೂ ಅಚ್ಚಾದುವು. ಅಂದಿನಿಂದ ಅದನ್ನು ಮೈಸೂರು ಸೀಮೆಯ ಪ್ರತ್ಯಕ್ಷದರ್ಶಿಯ ಸಾಕ್ಷ್ಯವೆಂದು ಉದಾಹರಿಸುವುದು ನಮ್ಮಲ್ಲಿ ರೂಢಿಯಾಯಿತು. ಆದರೆ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಅದರ ಬಹುಭಾಗವು ಜೆಸ್ವಿಟ್ ಪಾದ್ರಿ ಕೂರ್ಡು ಅವರು ಹಿಂದೆಯೇ ಬರೆದಿದ್ದ ಕೃತಿಯಿಂದ ಎತ್ತಿಕೊಂಡದ್ದೆಂದು ತಿಳಿದುಬಂದಿದೆ. ಕೂರ್ಡು ಅವರಾದರೋ ತೆಲುಗು ನಾಡಿನಲ್ಲಿಯೂ ಪುದುಚೇರಿಯಲ್ಲಿಯೂ ಬಾಳಿ 1779ರಲ್ಲಿಯೇ ಗತಿಸಿದವರು. ನಂಜನಗೂಡಿನಂತಹ ಕ್ಷೇತ್ರಗಳನ್ನು ಹೆಸರಿಸುವ ಕಡೆಗಳಲ್ಲಿ ದ್ಯುಬುವಾ ಅವರ ಸ್ವಂತ ಧ್ವನಿಯು ಕೇಳಿಸುತ್ತದೆಂಬುದು ನಿಜ. ಆದರೂ ಬ್ರಾಹ್ಮಣನ ಆಶ್ರಮಗಳನ್ನೂ ಸಂಸ್ಕಾರಗಳನ್ನೂ ವಿಸ್ತರಿಸುವ ಪುಟಗಳನ್ನು ಕಾವೇರಿಯ ದಡದಲ್ಲಿ ಕಂಡು ಬರೆದುವೆಂದು ಪಾಠ ಹೇಳುವುದು ಇನ್ನು ಮುಂದೆ ನ್ಯಾಯವಲ್ಲ.

ಗಂಜಾಮಿನಲ್ಲಿ ಇಳಿದವನ ಕೈಯಲ್ಲಿರಬೇಕಾದ ಪುಸ್ತಕವು ಬೇರೊಂದು. ಅದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳ ಸಂಗ್ರಹ. ದೊಡ್ಡ ಗ್ರಂಥದ ವಸ್ತು ಅನ್ಯರ ಆಚಾರವಾದ್ದರಿಂದ ಅಲ್ಲಿ ಪಾದ್ರಿಯ ಹಿಂಡಿಗೆ ಸ್ಥಳವಿಲ್ಲ. ಪತ್ರಗಳಲ್ಲಿ ಆ ಹಿಂಡೇ ಮುಖ್ಯ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಇದೇ ಪಟ್ಟಣಕ್ಕೆ ನಡೆಸಿ ತಂದ ಸಂಗತಿಯನ್ನು ಅವರು ಅಲ್ಲಿ ಪ್ರಸ್ತಾಪಿಸುತ್ತಾರೆ. ಸೆರೆಯಾದವರ ಸಂಖ್ಯೆಯನ್ನು ಬೇರೆಬೇರೆ ಲೇಖಕರು 30,000ದಿಂದ 80,000ದವರೆಗೆ ಹೇಳಿದ್ದಾರೆ. ದ್ಯುಬುವಾ ಅವರ ಲೆಕ್ಕ 60,000. ಇವರು ಭಾರತಕ್ಕೆ ಬಂದುದೇ 1792ರಲ್ಲಿ. ಆದಕಾರಣ ಈ ಸೆರೆಯನ್ನೂ ಅವರು ಕಣ್ಣಾರೆ ಕಂಡವರಲ್ಲ. ಆದರೆ 1799ರ ಮೇ 4ರಂದು ಕೋಟೆಯು ಬಿದ್ದ ತರುವಾಯ, ಬಲಾತ್ಕಾರದಿಂದ ಮತವನ್ನು ಬಿಟ್ಟು ಉಳಿದುಕೊಂಡವರನ್ನು ಮತ್ತೆ ಕೂಡಿಸುವುದಕ್ಕಾಗಿ ಇಲ್ಲಿಗೆ ಕರೆಯಲ್ಪಟ್ಟವರು ಅವರೇ. ಎರವಲು ತಂದ ಹಸ್ತಪ್ರತಿಗೂ, ಬದುಕಿ ಬಂದವರ ಬಾಯಿಂದ ಕೇಳಿದ ಸುದ್ದಿಗೂ ಇರುವ ಅಂತರವನ್ನು ವಿಮರ್ಶಕನು ಮರೆಯಲಾಗದು.

ಪತ್ರಗಳ ಇನ್ನೊಂದು ಭಾಗವು ಯಾತ್ರಿಕನಿಗೆ ಕಹಿಯಾಗಿ ತೋರಬಹುದು. ಹಿಂದೂಗಳನ್ನು ಮತಾಂತರಗೊಳಿಸುವುದು ಆಗದ ಮಾತೆಂದು ಸಾರಿದ ಅವರು, ತಮ್ಮ ಇಷ್ಟು ವರ್ಷಗಳ ಶ್ರಮಕ್ಕೆ ಸಿಕ್ಕವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿಯೂ ಹೆಚ್ಚಿನವರು ಗತಿಯಿಲ್ಲದವರೆಂದೂ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಪ್ರಾಟೆಸ್ಟೆಂಟ್ ಪಾದ್ರಿಗಳು ಇದನ್ನು ಖಂಡಿಸಿ ಮರುವರ್ಷವೇ ಪುಸ್ತಕಗಳನ್ನು ಹೊರಡಿಸಿದರು. ಗತಿಯಿಲ್ಲದವರನ್ನು ಅವರು ಹೆಸರಿಸುವ ರೀತಿಯಲ್ಲಿ ತಿರಸ್ಕಾರದ ಛಾಯೆಯಿದೆ. ಅದನ್ನು ಕಾಲದ ದೋಷವೆಂದು ನಾನು ಮನ್ನಿಸಲಾರೆ. ಆದರೆ ದೊಡ್ಡ ಗ್ರಂಥದಲ್ಲಿ ಎಲ್ಲವನ್ನೂ ಬಲ್ಲವನಂತೆ ತೀರ್ಪು ಕೊಡುವ ಲೇಖಕನು ಇಲ್ಲಿ ಸೋತ ಮನುಷ್ಯನಾಗಿ ಮಾತನಾಡುತ್ತಾನೆ, ಗದ್ಯಕ್ಕೆ ಜೀವವು ಬಂದಿರುವುದೂ ಇಲ್ಲಿಯೇ.

ಜನರು ಅವರನ್ನು ನೆನೆದದ್ದು ಈ ಎರಡು ಪುಸ್ತಕಗಳಿಂದಲೂ ಅಲ್ಲ. ಮೈಸೂರು ಸೀಮೆಯವರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರೆಂದೂ, 1803-04ರಲ್ಲಿ ಅವರ ಪ್ರಯತ್ನದಿಂದ 25,432 ಮಂದಿಗೆ ಸಿಡುಬಿನ ದೇವಿಯನ್ನು ಹಾಕಿಸಲಾಯಿತೆಂದೂ ಬೋಷಾಂಪರು ಬರೆಯುತ್ತಾರೆ. ಹಾಸನದ ಸಮೀಪದ ಸತ್ತಿಹಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಸ್ಥಾಪಿಸಿದವರೂ ಅವರೇ. 1823ರ ಜನವರಿಯಲ್ಲಿ ಹಡಗು ಹತ್ತಿದ ಅವರು ಮತ್ತೆ ಈ ನಾಡಿಗೆ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಇತ್ತ ಡೋರ್ನಹಳ್ಳಿಯ ಕಥೆಗೆ ಹಸ್ತಪ್ರತಿಯೂ ಇಲ್ಲ, ಕರ್ತೃವೂ ಇಲ್ಲ. ಉಳುತ್ತಿದ್ದ ರೈತನೊಬ್ಬನಿಗೆ ನೇಗಿಲಸಾಲಿನಲ್ಲಿ ಮರದ ಪ್ರತಿಮೆಯೊಂದು ಸಿಕ್ಕಿತೆಂದೂ, ಮಕ್ಕಳು ಅದನ್ನು ಬೊಂಬೆಯೆಂದು ಆಡಿಕೊಂಡರೆಂದೂ, ಅನಂತರ ಸಂತನು ಕನಸಿನಲ್ಲಿ ಕಾಣಿಸಿಕೊಂಡನೆಂದೂ ಭಕ್ತರು ಹೇಳುತ್ತಾರೆ. ಗಂಜಾಮಿನಿಂದ ಹೊರಟ ವಾಹನವು ಇಲವಾಲವನ್ನು ದಾಟುವ ಹೊತ್ತಿಗೆ ಹಿರಿಯರು ಮಕ್ಕಳಿಗೆ ಹೇಳುವುದು ಈ ಬೊಂಬೆಯ ಕಥೆಯನ್ನೇ. 1784ರ ಆ ನಡಿಗೆಯ ಕಥೆಯನ್ನು ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.