ನಮ್ಮ ಯಜಮಾನ್ರು ಎಲ್ಲವ್ರೆ ಸಾಮಿ?

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು, ತಿರುಮಣಿ ಕಡೆಯ ಒಂದು ಊರು, ಬೇಸಿಗೆಯ ರಾತ್ರಿ. ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿ ಸುವಾರ್ತೆ ಕೂಟ ನಡೆಸಿದ್ದರು. ಬೋಧಕರು ಗಡಿಯಾಚೆಯಿಂದ ಬಂದವರು, ತೆಲುಗಿನಲ್ಲಿ ಹೇಳುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಮೈಕು ಹಿಡಿದ ಹುಡುಗ ಅದನ್ನು ಕನ್ನಡ ಮಾಡುತ್ತಿದ್ದ. ನಮ್ಮ ಕಡೆಯವರಿಗೆ ಎರಡೂ ಭಾಷೆ ಬರುತ್ತದೆ. ಹಾಗಾಗಿ ನರಕದ ಬೆಂಕಿ ಅಂದು ನಮ್ಮ ಮೇಲೆ ಎರಡೆರಡು ಸಲ ಸುರಿಯಿತು. ಕೊನೆಗೆ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ ಅವರು ಕೇಳಿದರು: ಈ ರಾತ್ರಿಯೇ ಪ್ರಾಣ ಹೋದರೆ ನೀವು ಹೋಗುವುದು ಎಲ್ಲಿಗೆ? ರಕ್ಷಣೆ ಬೇಕೆನ್ನುವವರು ಕೈ ಎತ್ತಿ.

ಕೆಲವು ಕೈ ಎದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಮಾತ್ರ ಕಣ್ಣು ಬಿಟ್ಟುಕೊಂಡೇ ಕೇಳಿದಳು: "ನಮ್ಮ ಯಜಮಾನ್ರು ಹೋಗಿ ಇಪ್ಪತ್ತು ವರ್ಷ ಆತು. ಇದೆಲ್ಲ ಅವ್ರಿಗೆ ಯಾರೂ ಹೇಳ್ಲಿಲ್ಲ. ಅವ್ರು ಎಲ್ಲವ್ರೆ ಸಾಮಿ?"

ಬಂದ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ನಾನು ಇಲ್ಲಿ ತೂಗಿನೋಡಲು ಹೊರಟಿರುವುದು ಆ ಒಬ್ಬ ಬೋಧಕರನ್ನಲ್ಲ, ನರಕವನ್ನು ಮುಂದಿಟ್ಟು ಕೈ ಎತ್ತಿಸುವ ಆ ಪದ್ಧತಿಯನ್ನು. ಕ್ರೈಸ್ತ ಧರ್ಮದ ಬಗ್ಗೆ ನನಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ, ಆ ರಾತ್ರಿ ನಾನು ಕೇಳಿದ್ದು ಆ ಧರ್ಮದ ಅತ್ಯಂತ ಬಡವಾದ ರೂಪ. ಅದರ ಭಂಡಾರದಲ್ಲಿ ಇದಕ್ಕಿಂತ ದೊಡ್ಡದು ಬಹಳವಿದೆ, ಅದೂ ನಮ್ಮ ಜಿಲ್ಲೆಗೇ ಬಂದು ಕೂತಿದೆ.

ಅಜ್ಜಿಯ ಪ್ರಶ್ನೆ ಹಳೆಯದು. ಗೋವೆಯಲ್ಲಿ ಇಂದಿಗೂ ಯಾರ ದೇಹವನ್ನು ಜನ ನೋಡಲು ಹೋಗುತ್ತಾರೋ ಆ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಹೋದರು. ಅಲ್ಲಿ ಹೊಸದಾಗಿ ಕ್ರೈಸ್ತರಾದವರು ಅವರನ್ನು ಕೇಳಿದ್ದು ಇದನ್ನೇ: ಸತ್ತುಹೋದ ನಮ್ಮ ಅಪ್ಪ ಅಮ್ಮ ಎಲ್ಲಿದ್ದಾರೆ, ದಾನದಿಂದಲೋ ಪ್ರಾರ್ಥನೆಯಿಂದಲೋ ಅವರನ್ನು ಬಿಡಿಸಬಹುದೇ? ಬಿಡಿಸಲಾಗದು ಎಂದು ಕ್ಸೇವಿಯರ್ ಹೇಳಿದರು. ಕೇಳಿದವರು ಅತ್ತರು. ಅವರ ಅಳು ನೋಡಿ ತಮಗೂ ಸಂಕಟವಾಯಿತೆಂದು 1552ರ ಪತ್ರದಲ್ಲಿ ಅವರೇ ಬರೆದಿದ್ದಾರೆ. ಸಂಕಟಪಟ್ಟ ಆ ಮನಸ್ಸು ಕೊಟ್ಟ ಉತ್ತರಕ್ಕಿಂತ ದೊಡ್ಡದೆಂದು ನನಗೆ ಅನಿಸುತ್ತದೆ.

ನಮ್ಮ ಅಜ್ಜಿಗೆ ಇನ್ನೊಂದು ಕಥೆಯ ಬಲವೂ ಇತ್ತು. ಮಹಾಭಾರತದ ಕೊನೆಯಲ್ಲಿ ಧರ್ಮರಾಯ ಸ್ವರ್ಗಕ್ಕೆ ಹೋಗಿ ನೋಡಿದರೆ ತಮ್ಮಂದಿರೂ ದ್ರೌಪದಿಯೂ ನರಕದಲ್ಲಿ ನರಳುತ್ತಿದ್ದಾರೆ. ಇವರಿಲ್ಲದ ಸ್ವರ್ಗ ನನಗೆ ಬೇಡ, ಇಲ್ಲೇ ಇರುತ್ತೇನೆ ಎಂದು ಅವನು ನರಕದಲ್ಲೇ ನಿಂತುಬಿಡುತ್ತಾನೆ. ಈ ಕಥೆ ಕೇಳಿ ಬೆಳೆದವರ ಮುಂದೆ ಒಬ್ಬೊಬ್ಬರನ್ನೇ ಬಿಡಿಬಿಡಿಯಾಗಿ ಎಣಿಸುವ ರಕ್ಷಣೆಯನ್ನು ಇಡುವವರು ಮೊದಲು ಧರ್ಮರಾಯನಿಗೆ ಉತ್ತರ ಕೊಡಬೇಕು.

ಮಾತಿನ ತೊಡಕು ಬೇರೆ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ವಿಲಿಯಂ ರೀವ್ ಮೊದಲಾದವರ ಜೊತೆ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಇಂಥ ಕೆಲಸಕ್ಕೆ ಕೂತವರು ಪದ ಹುಡುಕುವುದು ಜನರ ಬಾಯಲ್ಲೇ. ಹೀಗೆ ಕನ್ನಡ ಬೈಬಲಿನಲ್ಲಿ ಸತ್ತವರು ಸೇರುವ ತಾಣ 'ಪಾತಾಳ'ವಾಯಿತು, ದಂಡನೆಯ ತಾಣ 'ನರಕ'ವಾಯಿತು. ಆದರೆ ನಮ್ಮ ಪುರಾಣದ ಪಾತಾಳದಲ್ಲಿ ಶಿಕ್ಷೆಯಿಲ್ಲ, ಅದು ನಾಗರ ಸಂಪತ್ತಿನ ಲೋಕ. ನಮ್ಮ ನರಕದಲ್ಲಿ ಶಿಕ್ಷೆಯುಂಟು, ಅದಕ್ಕೆ ಅವಧಿಯೂ ಉಂಟು. ಪಾಪ ತೀರಿದ ಮೇಲೆ ಜೀವ ಮತ್ತೆ ಹುಟ್ಟಿ ಬರುತ್ತದೆ. ಸ್ವರ್ಗವೂ ಪುಣ್ಯ ಕರಗುವವರೆಗೆ ಮಾತ್ರ. ಬೋಧಕರು 'ನರಕ' ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಕೊನೆಯೇ ಇಲ್ಲದ ಬೆಂಕಿ. ಕೇಳುವವರ ಕಿವಿಗೆ ಬಿದ್ದದ್ದು ದೀರ್ಘವಾದ ಒಂದು ಸಜೆ.

ನಮ್ಮ ತಾಲ್ಲೂಕಿನವರಿಗೆ ಭಯದ ಭಕ್ತಿ ಹೊಸದಲ್ಲ. ಪಾವಗಡದ ಶನಿಮಹಾತ್ಮನ ಗುಡಿಗೆ ಶ್ರಾವಣದ ಶನಿವಾರಗಳಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಎಳ್ಳೆಣ್ಣೆ ದೀಪ ಹಚ್ಚಿ ಕಾಟ ಕಡಿಮೆ ಮಾಡಪ್ಪ ಎಂದು ಬೇಡುತ್ತಾರೆ. ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಶನಿ ಹಿಡಿದರೂ ಏಳೂವರೆ ವರ್ಷ, ಆಮೇಲೆ ಬಿಡುತ್ತಾನೆ. ಬಿಡುವ ದೇವರನ್ನು ಬಲ್ಲವರಿಗೆ, ಎಂದೆಂದಿಗೂ ಬಿಡದೆ ಸುಡುವವನನ್ನು ಪ್ರೀತಿಸ್ವರೂಪಿ ಎಂದು ಪರಿಚಯಿಸುವುದು ಕಷ್ಟ. ಆ ರಾತ್ರಿ ಆ ಕಷ್ಟವನ್ನು ಯಾರೂ ಕಷ್ಟವೆಂದು ಒಪ್ಪಿಕೊಳ್ಳಲೇ ಇಲ್ಲ. ನನ್ನ ಮೊದಲ ಆಕ್ಷೇಪ ಇದು.

ಇನ್ನು ಇಚ್ಛಾಸ್ವಾತಂತ್ರ್ಯದ ವಿಷಯ. 'ಆಯ್ಕೆ ನಿಮ್ಮದು' ಎಂದು ಬೋಧಕರು ಮತ್ತೆ ಮತ್ತೆ ಹೇಳಿದರು. ಈ ಒಂದು ಮಾತಿನ ಹಿಂದೆ ಎಷ್ಟು ಜಗಳ ನಡೆದಿದೆ! ಮನುಷ್ಯನಿಗೆ ಹೌದು ಎನ್ನುವ ಶಕ್ತಿ ತನ್ನದಾಗಿ ಇದೆಯೇ, ಅಥವಾ ಆ ಹೌದನ್ನೂ ದೇವರೇ ಒಳಗಿಂದ ಹೇಳಿಸಬೇಕೇ? ಡಚ್ ಪಂಡಿತ ಆರ್ಮಿನಿಯಸ್‌ನ ಹಿಂಬಾಲಕರು ಕೃಪೆಯನ್ನು ಮನುಷ್ಯ ತಳ್ಳಿಹಾಕಬಲ್ಲ ಎಂದರು. 1618-19ರ ಡಾರ್ಟ್ ಮಹಾಸಭೆ ಅದನ್ನು ತಿರಸ್ಕರಿಸಿತು: ದೇವರು ಯಾರನ್ನು ಆರಿಸಿದ್ದಾನೋ ಅವರೇ ಉಳಿಯುವವರು, ಆ ಆಯ್ಕೆ ಅವನದು. ನೂರಿಪ್ಪತ್ತು ವರ್ಷದ ಬಳಿಕ, 1739ರಲ್ಲಿ, ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿ ಅದೇ ಜಗಳವನ್ನು ಮತ್ತೆ ಎತ್ತಿದರು. ಕೃಪೆ ಎಲ್ಲರಿಗೂ ಉಚಿತ, ಎಲ್ಲರಲ್ಲೂ ಉಚಿತ ಎಂಬುದು ಅವರ ಉಪದೇಶದ ತಿರುಳು. ಈ ವಿಷಯದಲ್ಲೇ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಅವರಿಂದ ದೂರವಾದರು. 1778ರಲ್ಲಿ ವೆಸ್ಲಿ ಹೊರಡಿಸಿದ ಪತ್ರಿಕೆಗೆ ಆರ್ಮಿನಿಯಸ್‌ನ ಹೆಸರನ್ನೇ ಇಟ್ಟರು.

ಇದೆಲ್ಲ ದೂರದ ಕಥೆಯೆಂದು ತಳ್ಳಿಹಾಕುವಂತಿಲ್ಲ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ನಮ್ಮ ಗುಬ್ಬಿಯಲ್ಲಿ ನೆಲೆಯೂರಿದ್ದು 1837ರಲ್ಲಿ. ಮುಂದೆ ಕನ್ನಡ ವ್ಯಾಕರಣ ಬರೆದವರೂ ಅವರೇ. ತುಮಕೂರು ಸೀಮೆಯ ಪ್ರಾಟೆಸ್ಟೆಂಟ್ ಸಭೆಗಳಿಗೆ ವೆಸ್ಲಿಯ ಉಪದೇಶ ಬಂದದ್ದು ಈ ದಾರಿಯಲ್ಲಿ. ಅತ್ತ ಬಳ್ಳಾರಿ, ಗುತ್ತಿ, ಅನಂತಪುರಗಳಲ್ಲಿ ಕೆಲಸ ಮಾಡಿದ್ದು ಲಂಡನ್ ಮಿಷನ್. ಅದು ಯಾವುದೇ ಒಂದು ಪಂಥದ ಪದ್ಧತಿಯನ್ನು ಹೇರಬಾರದೆಂದು 1795ರಲ್ಲಿ ಕಟ್ಟಿದ ಸಂಸ್ಥೆ. ಆದರೂ ಅದರ ಬಹುಪಾಲು ಜನ, ಆಯ್ಕೆ ದೇವರದೇ ಎಂದ ಕ್ಯಾಲ್ವಿನ್‌ನ ಜಾಡಿನಲ್ಲಿ ಬೆಳೆದವರು. ತಿರುಮಣಿ ಇರುವುದು ಈ ಎರಡು ಸೀಮೆಗಳ ನಡುವಿನ ಗಡಿಯ ಮೇಲೆ. 1947ರ ಸೆಪ್ಟೆಂಬರ್ 27ರಂದು ಎರಡೂ ಕಡೆಯ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಯಾರ ಹೌದು ಮೊದಲು, ದೇವರದೋ ಮನುಷ್ಯನದೋ ಎಂಬ ಜಗಳ ತೀರದಿದ್ದರೂ ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ ಮುರಿಯಬಹುದೆಂದು ಆ ದಿನ ತೋರಿಸಿಕೊಟ್ಟರು. ಅದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಕನ್ನಡಿಗರಿಗೆ ಈ ಜಗಳವನ್ನು ವಿವರಿಸಬೇಕಾದ ಅಗತ್ಯವೂ ಕಡಿಮೆ. ಮರಿ ತಾನಾಗಿ ತಾಯಿಯ ಹೊಟ್ಟೆಯನ್ನು ಅವುಚಿಕೊಳ್ಳಬೇಕೆನ್ನುವ ಕೋತಿಯ ನ್ಯಾಯ, ತಾಯಿಯೇ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತಾಳೆನ್ನುವ ಬೆಕ್ಕಿನ ನ್ಯಾಯ, ಎರಡೂ ಶ್ರೀವೈಷ್ಣವರಲ್ಲಿ ಚರ್ಚೆಯಾಗಿ ಸವೆದಿವೆ. ಮೇಲುಕೋಟೆಯ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಕೊನೆಯಿಲ್ಲದ ನರಕವೂ ಕನ್ನಡ ನೆಲಕ್ಕೆ ಪೂರ್ತಿ ಹೊರಗಿನದಲ್ಲ. ಉಡುಪಿಯ ಮಧ್ವಾಚಾರ್ಯರು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರನ್ನು ಮೂರಾಗಿ ವಿಂಗಡಿಸಿದರು. ತಮೋಯೋಗ್ಯರಿಗೆ ಅಂಧಂತಮಸ್ಸಿನಿಂದ ಹಿಂದಿರುಗುವ ದಾರಿಯಿಲ್ಲ. ಕ್ಯಾಲ್ವಿನ್‌ಗಿಂತ ಮುನ್ನೂರು ವರ್ಷ ಮೊದಲೇ ಇಷ್ಟು ಕಠಿಣವಾದ ಮಾತು ನಮ್ಮಲ್ಲಿ ಹುಟ್ಟಿತ್ತು. ಆದರೆ ಮಧ್ವರು ಅದನ್ನು ಜೀವದ ಸ್ವಭಾವದ ಮೇಲೆ ನಿಲ್ಲಿಸಿದರು. ಬಯಲಿನಲ್ಲಿ ಕೂತ ಅಜ್ಜಿಗೆ ಐದು ನಿಮಿಷದ ಗಡುವು ಕೊಡಲಿಲ್ಲ.

ಗಡುವು ಎಂದೆ, ಅಲ್ಲೇ ನನ್ನ ಎರಡನೆಯ ಆಕ್ಷೇಪವಿದೆ. ಬೆಂಕಿ ತೋರಿಸಿ, ಕಣ್ಣು ಮುಚ್ಚಿಸಿ, ಈಗಲೇ ಹೇಳು ಎಂದಾಗ ಎದ್ದ ಕೈಯನ್ನು ಸ್ವತಂತ್ರ ಇಚ್ಛೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕತ್ತಿನ ಮೇಲೆ ಕತ್ತಿಯಿಟ್ಟು ಹಾಕಿಸಿಕೊಂಡ ಹೆಬ್ಬೆಟ್ಟಿಗೆ ಯಾವ ನ್ಯಾಯಾಲಯವೂ ಬೆಲೆ ಕೊಡದು. ಬಲವಂತದ ಮತಾಂತರವನ್ನು ತಡೆಯುವ ಒಡಿಶಾದ 1967ರ ಕಾಯಿದೆ ದೇವರ ಕೋಪದ ಬೆದರಿಕೆಯನ್ನೂ 'ಬಲವಂತ'ದ ಅರ್ಥದೊಳಗೆ ಸೇರಿಸಿತು. 1977ರಲ್ಲಿ ಸ್ಟೇನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಆತ್ಮದ ಮಾತುಗಳನ್ನು ಪೊಲೀಸ್ ಠಾಣೆಯಲ್ಲಿ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬ ಬಡವ ತನ್ನ ದೇವರನ್ನು ಆರಿಸಿಕೊಳ್ಳಲು ಯಾವ ಅಧಿಕಾರಿಯ ಮುಂದೆಯೂ ಅರ್ಜಿ ಹಿಡಿದು ನಿಲ್ಲಬಾರದು. ಆದರೆ ಸರ್ಕಾರ ಕೇಳಬಾರದ ಆ ಪ್ರಶ್ನೆಯನ್ನು ಸಭೆ ತನಗೆ ತಾನೇ ಕೇಳಿಕೊಳ್ಳಲೇಬೇಕು.

ಆಯ್ಕೆ ಎಲ್ಲರಿಗೂ ಸಮನಾಗಿ ಸಿಗುವ ವಸ್ತುವೂ ಅಲ್ಲ. ಈ ತಿರುಮಣಿಯ ಸುತ್ತಲಿನ ಐದು ಊರುಗಳ 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ಪಾರ್ಕು ಹರಡಿದೆ. ಜಮೀನು ಇದ್ದವರನ್ನು ಕೇಳಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತುಮಾಡಿ ಗುತ್ತಿಗೆ ಬರೆಸಿಕೊಂಡರು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರ ಸಹಿ ಯಾವ ಕಾಗದಕ್ಕೂ ಬೇಕಾಗಲಿಲ್ಲ. ಆ ರಾತ್ರಿ ಶಾಮಿಯಾನದ ಕೆಳಗೆ ಕೂತಿದ್ದವರಲ್ಲಿ ಹೆಚ್ಚಿನವರು ಅವರೇ. ಅವರ ಮುಂದೆ ಇಡೀ ಅನಂತಕಾಲದ ಹೊಣೆಯನ್ನು ಒಂದು ಕೈ ಎತ್ತುವಿಕೆಗೆ ಕಟ್ಟುವುದು ಕ್ರೂರವಾಗಿ ಕಂಡಿತು ನನಗೆ.

ಹಾಗೆಂದು ನರಕದ ಮಾತೇ ಬೇಡ ಎನ್ನಲಾರೆ. ಅನ್ಯಾಯ ಉಂಡವರಿಗೆ ಒಂದು ತೀರ್ಪು ಬೇಕು. ಕೂಲಿ ಕೊಡದೆ ಸತ್ತವನೂ ಕೂಲಿ ಸಿಗದೆ ಸತ್ತವನೂ ಒಂದೇ ಮಣ್ಣಾಗುತ್ತಾರೆ ಎಂದುಬಿಟ್ಟರೆ ಬಡವನ ಕೊನೆಯ ಕಟಕಟೆಯೂ ಹೋದಂತೆ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಯೇಸು ಹೇಳುವ ತೀರ್ಪಿನ ದಿನ ಈ ಬಗೆಯದು. ಅಲ್ಲಿ ಯಾರನ್ನೂ ಏನು ನಂಬಿದೆ ಎಂದು ಕೇಳುವುದಿಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಸೆರೆಯಲ್ಲಿದ್ದವನಿಗೆ ಭೇಟಿ, ಇವಿಷ್ಟೇ ಲೆಕ್ಕ. ಫ್ಲೋರೈಡ್ ನೀರು ಕುಡಿದು ಮೂಳೆ ಸೊಟ್ಟಗಾದ ಜನರಿರುವ ತಾಲ್ಲೂಕಿನಲ್ಲಿ ಆ ಅಧ್ಯಾಯ ಓದಿದ್ದರೆ ಕೂಟದ ಗತಿಯೇ ಬೇರೆಯಾಗುತ್ತಿತ್ತು. ಅಂದು ಅದರ ಸುದ್ದಿಯೇ ಬರಲಿಲ್ಲ.

ವೆಸ್ಲಿಯೂ ನರಕವನ್ನು ನಂಬಿದ್ದವರೇ. 1743ರಲ್ಲಿ ತಮ್ಮ ಸಂಘಗಳಿಗೆ ಸೇರುವವರಿಗೆ ಅವರು ಇಟ್ಟದ್ದು ಒಂದೇ ಷರತ್ತು: ಬರಲಿರುವ ದೈವಕೋಪದಿಂದ ತಪ್ಪಿಸಿಕೊಂಡು ಪಾಪದಿಂದ ಬಿಡುಗಡೆ ಪಡೆಯುವ ಆಸೆ. ಆದರೆ ಆ ಆಸೆ ನಿಜವೋ ಎಂದು ತಿಳಿಯಲು ಕೈ ಎತ್ತಿಸಿ ನೋಡಲಿಲ್ಲ. ಕೇಡು ಮಾಡದಿರು, ಒಳ್ಳೆಯದು ಮಾಡು, ದೇವಾರಾಧನೆ ಬಿಡಬೇಡ, ಈ ಮೂರು ಬದುಕಿನಲ್ಲಿ ಕಾಣಬೇಕೆಂದರು. ಭಯ ಅಲ್ಲಿ ಬಾಗಿಲ ಹೊಸ್ತಿಲಾಗಿತ್ತು. ನಾನು ಕಂಡ ಕೂಟದಲ್ಲಿ ಹೊಸ್ತಿಲೇ ಮನೆಯಾಗಿತ್ತು. ಮನುಷ್ಯ ದೇವರ ಕಡೆ ತಿರುಗುವ ಮೊದಲೇ ಕೃಪೆ ಅವನೊಳಗೆ ಕೆಲಸ ಆರಂಭಿಸಿರುತ್ತದೆ, ಅದು ಯಾರನ್ನೂ ಬಿಟ್ಟಿಲ್ಲ ಎಂಬ ವೆಸ್ಲಿಯ ಮಾತು ಒಂದು ಸಲವಾದರೂ ಕೇಳಿಬಂದಿದ್ದರೆ, ಯಾರೂ ಬಂದು ಹೇಳದೆಯೇ ಸತ್ತ ಆ ಯಜಮಾನರಿಗೂ ಅದರಲ್ಲಿ ಒಂದು ಪಾಲಿರುತ್ತಿತ್ತು. ಪಶ್ಚಾತ್ತಾಪ ಎನ್ನಬಹುದಾದ ಕಡೆ ಹಳೆಯ ಕನ್ನಡ ಬೈಬಲು 'ತಿರುಗಿಕೊಳ್ಳು' ಎನ್ನುವುದು ನನಗೆ ಬಹಳ ಇಷ್ಟ. ಹೊಲಕ್ಕೆ ಹೊರಟವನು ಮನೆಯ ಕಡೆ ತಿರುಗಿಕೊಂಡ ಹಾಗೆ. ಅದಕ್ಕೆ ಬೆಂಕಿ ಬೇಕಿಲ್ಲ, ಯಾರೋ ಕೂಗಿದ ದನಿ ಸಾಕು.

ಅಜ್ಜಿಗೆ ಕೊಡಬಹುದಾಗಿದ್ದ ಉತ್ತರ ಸಭೆಯ ಬಾಯಲ್ಲೇ ಇದೆ. ಅಪೊಸ್ತಲರ ವಿಶ್ವಾಸ ಪ್ರಮಾಣದಲ್ಲಿ ಯೇಸು ಶಿಲುಬೆಯ ಮೇಲೆ ಸತ್ತು ಹೂಣಲ್ಪಟ್ಟ ಮೇಲೆ ಸತ್ತವರ ಲೋಕಕ್ಕೆ ಇಳಿದುಹೋದರೆಂಬ ಮಾತುಂಟು. ಲೆಕ್ಕವಿಲ್ಲದಷ್ಟು ಭಾನುವಾರ ಅದನ್ನು ಹೇಳಿದವರೂ ಅದರ ಮೇಲೆ ನಿಂತು ಯೋಚಿಸುವುದು ಅಪರೂಪ. ಪೂರ್ವದ ಸಭೆಗಳು ಅದನ್ನು ಚಿತ್ರಿಸಿವೆ. ಇಸ್ತಾನ್‌ಬುಲ್‌ನಲ್ಲಿ ಒಂದು ಕಾಲಕ್ಕೆ ಖೋರಾ ದೇಗುಲವಾಗಿದ್ದ ಕಟ್ಟಡದಲ್ಲಿ ಹದಿನಾಲ್ಕನೆಯ ಶತಮಾನದ ಒಂದು ಚಿತ್ರವಿದೆ: ಪಾತಾಳದ ಕದಗಳು ಮುರಿದು ಬಿದ್ದಿವೆ, ಕ್ರಿಸ್ತ ಆದಾಮನನ್ನೂ ಹವ್ವಳನ್ನೂ ಗೋರಿಗಳಿಂದ ಎಳೆದು ನಿಲ್ಲಿಸುತ್ತಿದ್ದಾನೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಸತ್ತವನ ಕೈಗೆ ತಿರುಗಿ ಹಿಡಿಯುವ ಬಲವಿರುವುದಿಲ್ಲವಲ್ಲ. ಬೆಕ್ಕಿನ ನ್ಯಾಯ ಬಲ್ಲವರಿಗೆ ಈ ಚಿತ್ರ ಒಡನೆ ಅರ್ಥವಾಗುತ್ತದೆ. ಮೊದಲ ಗಂಡ ಹೆಂಡಿರು ಇಬ್ಬರನ್ನೂ ಒಟ್ಟಿಗೇ ಮೇಲೆತ್ತಿರುವುದನ್ನು ಆ ಅಜ್ಜಿಗೆ ತೋರಿಸಬೇಕಿತ್ತು.

ಅವಳ ಪ್ರಶ್ನೆಗೆ ಬೋಧಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತೆಲುಗಿನಲ್ಲಿ ಹೇಳಿದರು: ಅದು ದೇವರಿಗೇ ಗೊತ್ತಮ್ಮ, ನೀನು ಮೊದಲು ನಿನ್ನ ಕೈ ಎತ್ತು. ಹುಡುಗ ಮೈಕು ಬಾಯಿಗೆ ಹಿಡಿದ. ಅಜ್ಜಿಯ ಮುಖ ನೋಡಿದ. "ಅದು ದೇವ್ರಿಗೇ ಗೊತ್ತಂತೆ ಅಜ್ಜಿ" ಎಂದ. ಉಳಿದರ್ಧ ಮಾತನ್ನು ಅವನು ಕನ್ನಡ ಮಾಡಲಿಲ್ಲ.