ಜಿಲ್ಲಾ ಪುಟದ ಆಚೆಗೆ

ಸೊರಟೂರಿನಂಥ ಊರಿನಲ್ಲಿ ದಿನಪತ್ರಿಕೆ ಓದಿ ಮುಗಿಸಲು ಒಂದು ಕಪ್ಪು ಚಹಾದ ಹೊತ್ತು ಸಾಕು. ಮುಖಪುಟಕ್ಕೆ ಬೆಂಗಳೂರು, ದಿಲ್ಲಿ. ಒಳಗೆ ಗದಗ ಜಿಲ್ಲಾ ಪುಟದಲ್ಲಿ ಶಿರಹಟ್ಟಿಯ ಜಾತ್ರೆ, ಮುಂಡರಗಿಯ ಮನವಿ ಪತ್ರ, ಲಕ್ಷ್ಮೇಶ್ವರದ ರಸ್ತೆ ತಡೆ. ಸುದ್ದಿಗೇನೂ ಬರವಿಲ್ಲ. ಆದರೆ ಗದಗಿನದು ಗದಗಿನವರಿಗೇ, ಮಂಡ್ಯದ್ದು ಮಂಡ್ಯದವರಿಗೇ ಎಂಬ ಈ ಹಂಚಿಕೆ ನಮ್ಮ ಓದನ್ನು ತೀರ ಕುಗ್ಗಿಸಿದೆ. ಗಂಭೀರ ವಾರಪತ್ರಿಕೆಯ ಸೆಳೆತ ನನಗೆ ಕಾಣುವುದು ಇಲ್ಲಿಯೇ. ಅದಕ್ಕೆ ಜಿಲ್ಲಾ ಪುಟವಿಲ್ಲ. ಮುಳಗುಂದದಲ್ಲಿ ಸಿಗುವ ಸಂಚಿಕೆಯೇ ಸಾಗರದಲ್ಲೂ ಕೋಲಾರದಲ್ಲೂ ಸಿಗುತ್ತದೆ. ನಮ್ಮ ಸಂಕಟವನ್ನು ಅವರು, ಅವರದನ್ನು ನಾವು ಒಂದೇ ವಾರ ಓದುತ್ತೇವೆ.

ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಸಂಗತಿ ನೋಡಿ. 2015ರ ಡಿಸೆಂಬರಿನಲ್ಲಿ ಸರಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರ ನವೆಂಬರಿನಲ್ಲಿ ಆ ಆದೇಶವನ್ನು ವಾಪಸು ಪಡೆಯಿತು. ಗದಗಿನಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಧರಣಿ ಕುಳಿತರು, 2017ರಲ್ಲಿ ಆದೇಶ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ದಿನಪತ್ರಿಕೆಗೆ ಇವು ಬಿಡಿಬಿಡಿಯಾದ ನಾಲ್ಕಾರು ಸುದ್ದಿಗಳು. ನೆಲದಡಿಯ ಅದಿರಿನ ಮೇಲೆ ಯಾರ ಕಣ್ಣಿತ್ತು, ಒಂದೇ ವರ್ಷದೊಳಗೆ ಸರಕಾರ ಮನಸ್ಸು ಬದಲಿಸಿದ್ದು ಏಕೆ, ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಒಂದು ನ್ಯಾಯ, ಕುರಿ ಮೇಯಿಸುವವನಿಗೆ ಇನ್ನೊಂದು ನ್ಯಾಯವೇ? ಇದನ್ನೆಲ್ಲ ಒಂದೇ ಎಳೆಯಲ್ಲಿ ಕೂಡಿಸಲು ಬರೆಯುವವನಿಗೆ ಬಿಡುವೂ ಬೇಕು, ಹತ್ತು ಪುಟ ಜಾಗವೂ ಬೇಕು.

ಈ ಭಾಗಕ್ಕೆ ಅಂಥ ಓದು ಹೊಸದಲ್ಲ. 1921ರಿಂದ 'ಕರ್ಮವೀರ', 1954ರಿಂದ ಪಾಟೀಲ ಪುಟ್ಟಪ್ಪನವರ 'ಪ್ರಪಂಚ', 1956ರಿಂದ 'ಕಸ್ತೂರಿ' ಇಲ್ಲಿಯ ಪಡಸಾಲೆಗಳಿಗೆ ಜಗತ್ತನ್ನು ತಂದವು. ಆದರೆ ಅಧಿಕಾರವನ್ನು ಎದುರಿಗೆ ನಿಲ್ಲಿಸಿ ಕೇಳುವ ಧಾಟಿಯನ್ನು ಮನೆಮನೆಗೆ ಮುಟ್ಟಿಸಿದ್ದು ಪಿ. ಲಂಕೇಶರ 'ಲಂಕೇಶ್ ಪತ್ರಿಕೆ'. ಅದು ಹೊರಟದ್ದು 1980ರ ಜುಲೈನಲ್ಲಿ. ಅದೇ ತಿಂಗಳ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭೆ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರ್ ಆಯಿತು, ಜೀವಗಳು ಹೋದವು. ಸರಕಾರ ಹೇಳಿದ್ದನ್ನು ನಂಬದಿರಲು ಇಲ್ಲಿಯ ಓದುಗನಿಗೆ ಕಾರಣ ಕಣ್ಣೆದುರೇ ಇತ್ತು.

ಪತ್ರಿಕೆ ಜಾಹೀರಾತು ತೆಗೆದುಕೊಳ್ಳಲಿಲ್ಲ. ಓದುಗ ಕೊಟ್ಟ ದುಡ್ಡಿನಲ್ಲೇ ನಡೆಯಿತು. ಸಂಪಾದಕನ ಮುಲಾಜು ಓದುಗನೊಬ್ಬನಿಗೇ ಎಂದು ಸಾಲುಸಾಲಿನಲ್ಲೂ ಗೊತ್ತಾಗುತ್ತಿತ್ತು. ಇನ್ನೊಂದು ಗುಣವನ್ನು ನಾನು ಇದಕ್ಕಿಂತ ದೊಡ್ಡದೆಂದು ತಿಳಿದಿದ್ದೇನೆ. ರಾಜಕೀಯದ ವರದಿಯ ಜೊತೆಗೇ ಅಲ್ಲಿ ಬದುಕಿನ ಬರಹವಿತ್ತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಧಾರಾವಾಹಿಯಾಗಿ ಬಂದದ್ದು ಅಲ್ಲಿ. ಕಾಸರಗೋಡಿನ ಕಡೆಯ ಮುಸ್ಲಿಂ ಹೆಣ್ಣುಮಗಳ ತಲಾಖಿನ ಸಂಕಟವನ್ನು ಎರೆಹೊಲದ ಗಂಡಸು ವಾರವಾರ ಕಾದು ಓದಿದ. ಬಾನು ಮುಷ್ತಾಕ್ ಆ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. ಮಂತ್ರಿಯ ಹಗರಣ ಬಯಲಿಗೆಳೆಯುವ ಪುಟಗಳ ಪಕ್ಕದಲ್ಲೇ ಮನೆಯೊಳಗಿನ ಅನ್ಯಾಯವನ್ನು ಕಾಣಿಸುವ ಪುಟಗಳಿದ್ದುದರಿಂದ ಓದುಗ ಬರೀ ತೀರ್ಪುಗಾರನಾಗಿ ಉಳಿಯಲಿಲ್ಲ, ತನ್ನ ಮನೆಯ ಕಡೆಗೂ ನೋಡಬೇಕಾಯಿತು.

ಅದರ ದೋಷವೂ ಸಣ್ಣದಲ್ಲ. ಅದರ ಪುಟಗಳಲ್ಲಿ ಮುಖ್ಯಮಂತ್ರಿ ಗುಂಡೂರಾವ್ 'ಗುಂ' ಆದರು, ಬಂಗಾರಪ್ಪ 'ಬಂ' ಆದರು. ಅಧಿಕಾರದ ಭಯ ಕಳೆಯಲು ಆ ಅಡ್ಡಹೆಸರುಗಳು ನೆರವಾದದ್ದು ನಿಜ. ಆದರೆ ನೀತಿಯ ಪ್ರಶ್ನೆ ಮನುಷ್ಯನ ಪ್ರಶ್ನೆಯಾಗಿ ಇಳಿದದ್ದೂ ಅಲ್ಲಿಯೇ. 1983ರಲ್ಲಿ ಗುಂಡೂರಾವ್ ಅಧಿಕಾರ ಕಳೆದುಕೊಂಡಾಗ ಗೆದ್ದೆವೆಂಬ ಖುಷಿ ಓದುಗನಿಗಿತ್ತು. ನೀರಾವರಿಯ ಲೆಕ್ಕ, ಹತ್ತಿಯ ದರ, ಜವುಳಾದ ಹೊಲ ಆ ಖುಷಿಯಲ್ಲಿ ಹಿಂದೆ ಸರಿದವು. ಮುಂದೆ ಬಂದ ಅನೇಕ ಕಪ್ಪುಬಿಳುಪು ಪತ್ರಿಕೆಗಳು ಲಂಕೇಶರ ನಾಲಗೆಯನ್ನು ಎರವಲು ಪಡೆದವು, ಅವರ ಓದನ್ನು ಬಿಟ್ಟುಬಿಟ್ಟವು. 2000ದ ಜನವರಿಯಲ್ಲಿ ಲಂಕೇಶ್ ತೀರಿದರು. 2005ರಿಂದ ತನ್ನದೇ ವಾರಪತ್ರಿಕೆ ನಡೆಸಿದ ಮಗಳು ಗೌರಿ 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಗಂಭೀರ ಪತ್ರಿಕೆ ನಡೆಸುವುದಕ್ಕೆ ನಮ್ಮ ನಾಡಿನಲ್ಲಿ ಈಗ ಎಂಥ ಬೆಲೆ ಇದೆಯೆಂದು ಓದುಗರಾದ ನಾವು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ.

ಇವತ್ತು ಹಳ್ಳಿಯ ಹುಡುಗ ಹುಡುಗಿಯರು ಪ್ರಚಲಿತ ವಿದ್ಯಮಾನ ಓದುವುದು ಸ್ಪರ್ಧಾ ಪರೀಕ್ಷೆಯ ಮಾಸಿಕಗಳಲ್ಲಿ. ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್, ಕೆಎಎಸ್. ಅವರ ಶ್ರಮಕ್ಕೆ ನನ್ನ ಗೌರವವಿದೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತೆಂದು ಅವರಿಗೆ ಬಾಯಿಪಾಠ. ಚಳಿಗಾಲದಲ್ಲಿ ಅಲ್ಲಿಗಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಬೆಳೆಗೆ ಬಾಯಿ ಹಾಕಿದರೆ ರೈತನ ನಷ್ಟ ಯಾರ ಲೆಕ್ಕಕ್ಕೆ ಎಂಬುದು ನಾಲ್ಕು ಆಯ್ಕೆಗಳ ಪ್ರಶ್ನೆಯಾಗುವುದಿಲ್ಲ. ಹಾಗೆಯೇ ಹೆಸರುಕಾಳು ಪೇಟೆಗೆ ಬಂದು ಅರ್ಧ ಮಾರಾಟವಾದ ಮೇಲೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವುದೇಕೆ, ಆಮದಿನ ನಿರ್ಧಾರ ಯಾವ ತಿಂಗಳು ಆಗುತ್ತದೆ, ಆ ನಡುವೆ ಲಾಭ ಯಾರದು? ಗದಗ ಎಪಿಎಂಸಿಯಿಂದ ದಿಲ್ಲಿಯ ಕಡತದವರೆಗೆ ಇದನ್ನು ಬೆನ್ನಟ್ಟಿ ಬರೆಯುವ ಕನ್ನಡ ವಾರಪತ್ರಿಕೆ ಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಪರೀಕ್ಷೆಯ ಮಾಸಿಕದ ಜೊತೆಗೆ ಅದಕ್ಕೂ ಚಂದಾ ಕಟ್ಟಬೇಕು, ಅದರ ಸಂಪಾದಕರನ್ನು ನಾವು ಪತ್ರ ಬರೆದು ಕಾಡಬೇಕು.