ಬೆಳಗಿನ ಬಾನುಲಿಯ ಗಂಡಸು

ಹೊಸ ಪುಸ್ತಕದ ಅಥವಾ ನಮ್ಮ ರಂಗಮಂಚಕ್ಕೆ ಬಂದ ನಾಟಕದ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಬಾನುಲಿಯ ಹರಟೆಗೇನು ಕೆಲಸ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮುಂಬಯಿಯಲ್ಲಿ ದುಡಿಯುವ ನಮ್ಮವನೊಬ್ಬ ವರ್ಷಕ್ಕೆ ಒಂದು ಕಾದಂಬರಿ ಓದಿ ಎರಡು ನಾಟಕ ನೋಡಿದರೆ ಅವನನ್ನು ರಸಿಕನೆಂದು ಕರೆಯುತ್ತೇವೆ. ಅದೇ ಮನುಷ್ಯ ಡೊಂಬಿವಲಿಯಲ್ಲೋ ವಸಯಿಯಲ್ಲೋ ಗಾಡಿ ಹತ್ತಿ ಇಳಿಯುವ ತನಕ, ದಿನಕ್ಕೊಂದು ಗಂಟೆ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳುವುದು ಏನನ್ನು? ಇಬ್ಬರು ನಿರೂಪಕರು ಪರಸ್ಪರ ಕಾಲೆಳೆಯುವ ಮಾತನ್ನು. ಗಂಡಸರ ಹೊಟ್ಟೆ, ಗಂಡಸರ ಗಡ್ಡ, ಶುಕ್ರವಾರ ಬಂದ ಸಿನಿಮಾದ ನಾಯಕನ ಅಂಗಿ, ರಸ್ತೆಯ ಗುಂಡಿ, ಲಿಫ್ಟಿನಲ್ಲಿ ಮುಖ ತಿರುಗಿಸಿಕೊಂಡು ನಿಂತ ನೆರೆಮನೆಯವ. ಇಷ್ಟು ಜನ ಇಷ್ಟು ಹೊತ್ತು ಕೇಳುವ ಮಾತಿನ ಗುಣದೋಷ ನೋಡುವವರು ಬೇಡವೇ?

ಈ ಹರಟೆ ಹುಟ್ಟಿದ್ದಕ್ಕೆ ಒಂದು ಸರಕಾರಿ ಕಾರಣವೂ ಉಂಟು. 1993ರಲ್ಲಿ ಆಕಾಶವಾಣಿ ತನ್ನ ಎಫ್‌ಎಂ ವೇಳೆಯನ್ನು ಖಾಸಗಿಯವರಿಗೆ ಬಾಡಿಗೆಗೆ ಕೊಟ್ಟಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಆರಂಭವಾದಾಗ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಕನ್ನಡದ ನೆಲದಲ್ಲೇ ಬಾಯಿ ತೆರೆಯಿತು. ಆದರೆ ಸ್ವಂತ ವಾರ್ತೆ ಓದುವ ಹಕ್ಕನ್ನು ಈ ನಿಲಯಗಳಿಗೆ ಕೊಡಲಿಲ್ಲ. 2011ರ ಮೂರನೆಯ ಹಂತದ ನೀತಿ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಲು ಒಪ್ಪಿತು. ಸಂಚಾರ, ಹವಾಮಾನ, ಪರೀಕ್ಷೆಯ ಫಲಿತಾಂಶ, ನೀರು ವಿದ್ಯುತ್ತುಗಳ ಮಾಹಿತಿ ಇವೆಲ್ಲ ವಾರ್ತೆಯಲ್ಲವೆಂದು ಬೇರೆ ಪಟ್ಟಿ ಮಾಡಿತು. ಕಡತಗಳ ಭಾಷೆಯ ಪರಿಚಯವಿರುವ ನಮಗೆ ಈ ಪಟ್ಟಿ ಬಹಳ ಹಿಡಿಸಿದೆ. ರಸ್ತೆಗೆ ಗುಂಡಿ ಬಿದ್ದದ್ದು ಏಕೆ ಎಂದು ಕೇಳಿದರೆ ವಾರ್ತೆ. ಗುಂಡಿಯಿಂದಾಗಿ ಗಾಡಿಗಳು ನಿಂತಿವೆ ಎಂದರೆ ಸಂಚಾರ. ಇವೆರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಬೆಳಗಿನ ನಿರೂಪಕ ತಮಾಷೆಯ ಅಂಗಡಿ ಇಟ್ಟುಕೊಂಡಿದ್ದಾನೆ. ಗಂಭೀರವಾಗಿ ಹೇಳಲು ಅನುಮತಿ ಇಲ್ಲದ್ದನ್ನು ನಗಿಸಿ ಹೇಳಬೇಕು.

ಆ ಅಂಗಡಿಯಲ್ಲಿ ಒಮ್ಮೊಮ್ಮೆ ಒಳ್ಳೆಯ ಮಾಲೂ ಸಿಗುತ್ತದೆ. 2017ರ ಮಳೆಗಾಲದಲ್ಲಿ ರೆಡ್ ಎಫ್‌ಎಂನ ಮಲಿಷ್ಕಾ ಆಗ ಎಲ್ಲರ ಬಾಯಲ್ಲಿದ್ದ ಮರಾಠಿ ಹಾಡೊಂದನ್ನು ಅಣಕಿಸಿ, ಮುಂಬಯಿ ಮಹಾನಗರಪಾಲಿಕೆಯನ್ನು ಗುಂಡಿ, ನೀರು, ತಡವಾಗುವ ರೈಲುಗಳ ಲೆಕ್ಕ ಕೇಳಿದ್ದು ನೆನಪಿರಬಹುದು. ಪಾಲಿಕೆಯ ಆರೋಗ್ಯ ಇಲಾಖೆ ಕೂಡಲೇ ಆಕೆಯ ಮನೆಗೆ ಹೋಗಿ ಸೊಳ್ಳೆಯ ಮರಿಗಳನ್ನು ಪತ್ತೆ ಹಚ್ಚಿ ನೋಟೀಸು ಕೊಟ್ಟಿತು. 500 ಕೋಟಿ ರೂಪಾಯಿಯ ಮಾನನಷ್ಟದ ದಾವೆ ಹೂಡಬೇಕೆಂಬ ಬೇಡಿಕೆಯೂ ಆಡಳಿತ ಪಕ್ಷದವರಿಂದ ಬಂತು. ಒಂದು ಹಾಡಿಗೆ 500 ಕೋಟಿ! ಕನ್ನಡದ ಯಾವ ಹಾಸ್ಯ ಲೇಖಕನಿಗೂ ಇಂಥ ಸಂಭಾವನೆಯ ಮಾತು ಬಂದಿಲ್ಲ.

ನಮ್ಮ ಕರಾವಳಿಯ ಬಂಧುಗಳಿಗೆ ಇದು ಹೊಸದೇನಲ್ಲ. ಯಕ್ಷಗಾನದ ಹಾಸ್ಯಗಾರನಿಗೆ ರಾಜನ ಎದುರಿಗೇ ರಾಜನನ್ನು ಗೇಲಿ ಮಾಡುವ ಪರವಾನಗಿ ಇದೆ. ಬೆಂಗಳೂರು ಆಕಾಶವಾಣಿಯಲ್ಲಿ ‘ಈರಣ್ಣ’ನಾಗಿ ಊರಿನ ಕುಂದುಕೊರತೆಗಳನ್ನು ಎತ್ತಿ ಆಡಿದ ಎ.ಎಸ್. ಮೂರ್ತಿಯವರು, ‘ಕೊರವಂಜಿ’ ಪತ್ರಿಕೆಯನ್ನು ನಡೆಸಿದ ರಾಶಿಯವರು ಇದೇ ಪರವಾನಗಿಯ ಮೇಲೆ ಕೆಲಸ ಮಾಡಿದವರು. ಒಳ್ಳೆಯ ಹಾಸ್ಯಗಾರ ಸಿಂಹಾಸನದ ಕಡೆ ಬೆರಳು ಮಾಡುತ್ತಾನೆ, ಚೌಕಿಯಲ್ಲಿ ಬಣ್ಣ ಅರೆಯುವ ಹುಡುಗನ ಕಡೆಗಲ್ಲ. ಮಲಿಷ್ಕಾಳ ಹಾಡನ್ನು ನಾವು ಮೆಚ್ಚಿದ್ದು ಇದಕ್ಕೇ. ಹಾಡಿನ ಧಾಟಿ ಸಾಧಾರಣ, ದನಿಯೂ ಅಷ್ಟಕ್ಕಷ್ಟೆ. ಬೆರಳು ಮಾತ್ರ ಸರಿಯಾದ ಕಡೆಗಿತ್ತು.

ಮುಂಬಯಿಯ ಖಾಸಗಿ ನಿಲಯಗಳಲ್ಲಿ ಕನ್ನಡದ ಬೆಳಗು ಇಲ್ಲ. ಹಿಂದೆ ಚಳಿಗಾಲದ ರಾತ್ರಿ 765 ಕಿಲೊಹರ್ಟ್ಸಿನ ಧಾರವಾಡ ಕೇಂದ್ರ ಗೊರಗೊರ ಎನ್ನುತ್ತ ನಮ್ಮ ಚಾಳುಗಳಿಗೆ ಬರುತ್ತಿತ್ತು. ಮಧ್ಯಮ ತರಂಗಗಳನ್ನು ಹಗಲು ಹೀರಿಕೊಳ್ಳುವ ವಾತಾವರಣದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಮೇಲಿನ ಅಯಾನುಗೋಲ ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಎಫ್‌ಎಂ ಅಲೆಗೆ ಈ ಭಾಗ್ಯವಿಲ್ಲ. ಅದು ನೆಟ್ಟಗೆ ಹೋಗಿ ಆಕಾಶವನ್ನು ತೂರಿಕೊಂಡು ಹೊರಟುಬಿಡುತ್ತದೆ. ಈಗ ಬೆಂಗಳೂರಿನ ಬೆಳಗಿನ ಹರಟೆ ನಮ್ಮ ಮನೆ ಸೇರುವುದು ಮೊಬೈಲಿನಲ್ಲಿ, ತುಣುಕು ತುಣುಕಾಗಿ. ಹಾಡು, ಜಾಹೀರಾತು, ಹವಾಮಾನ ಎಲ್ಲ ಕತ್ತರಿಸಿಹೋಗಿ ಅತ್ಯಂತ ಗಲಾಟೆಯ ಮೂರು ನಿಮಿಷಗಳು ಮಾತ್ರ ಉಳಿದಿರುತ್ತವೆ. ನಮ್ಮ ಮಕ್ಕಳು ತಾವಾಗಿ ಬಯಸಿ ಕೇಳುವ ಕನ್ನಡ ಬಹುಮಟ್ಟಿಗೆ ಇದೊಂದೇ ಆದ್ದರಿಂದ ಅದರೊಳಗೆ ಏನಿದೆ ಎಂದು ನೋಡುವುದು ಅಗತ್ಯ.

ಮೊದಲು ಗಂಡಸಿನ ವಿಷಯ. ಬೆಳಗಿನ ಬಾನುಲಿಯ ಗಂಡಸು ಮೂರೇ ಬಗೆಯವನು. ಹೆಂಡತಿಗೆ ಹೆದರುವವನು, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಸಿಗದವನು, ಹುಡುಗಿಗೆ ಫೋನು ಮಾಡಲು ಧೈರ್ಯವಿಲ್ಲದವನು. ಹೆಂಡತಿ ತವರಿಗೆ ಹೋದರೆ ಇವನಿಗೆ ಹಬ್ಬ. ನಿರೂಪಕಿ ಜಾಣೆ, ನಿರೂಪಕ ಪೆದ್ದ. ಆಕೆ ಬೈದರೆ ಈತ ಹಲ್ಲು ಕಿರಿಯಬೇಕು. ಹೆಂಗಸರಿಗೆ ಮೇಲುಗೈ ಕೊಟ್ಟೆವೆಂದು ನಿಲಯದವರು ಬೀಗುತ್ತಿರಬಹುದು. ನಮಗೆ ಹಾಗೆ ಕಾಣುವುದಿಲ್ಲ. ಉಪ್ಪಿನ ಡಬ್ಬಿ ಸಿಗದವನ ಜೋಕಿನಲ್ಲಿ ಡಬ್ಬಿ ಯಾವಾಗಲೂ ಆಕೆಯ ಕೈಯಲ್ಲೇ ಇರುತ್ತದೆ. ಅವಳೂ ಎಂಟೂ ಇಪ್ಪತ್ತರ ಗಾಡಿಗೆ ಓಡುವವಳು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಕೈಲಾಸಂ ‘ಅಮ್ಮಾವ್ರ ಗಂಡ’, ‘ಗಂಡಸ್ಕತ್ರಿ’, ‘ಬಂಡ್ವಾಳ್ವಿಲ್ಲದ ಬಡಾಯಿ’ಗಳನ್ನು ಬರೆದು ಎಷ್ಟು ಕಾಲವಾಯಿತು! ಆತ ತೀರಿಕೊಂಡದ್ದು 1946ರಲ್ಲಿ. ಬಡಾಯಿ ಕೊಚ್ಚುವ ಗಂಡಸಿನ ಒಳಗೆ ಏನು ಟೊಳ್ಳಾಗಿದೆ ಎಂದು ಆತ ಬಡಿದು ನೋಡುತ್ತಿದ್ದ. ಇಲ್ಲಿ ಟೊಳ್ಳಿನ ಸದ್ದು ಮಾತ್ರ ಉಳಿದಿದೆ.

ಅಪರೂಪಕ್ಕೆ ಬೇರೆಯದೂ ಕೇಳಸಿಗುತ್ತದೆ ಎನ್ನಬೇಕು. ಒಂದು ತುಣುಕಿನಲ್ಲಿ ನಿರೂಪಕ, ಯಾವ ಸಿನಿಮಾ ನೋಡಿ ಅತ್ತಿದ್ದೀರಿ, ಗಂಡಸರು ಮಾತ್ರ ಫೋನು ಮಾಡಿ ಎಂದ. ಆಟೊ ಓಡಿಸುವ ಒಬ್ಬಾತ ‘ಬಂಗಾರದ ಮನುಷ್ಯ’ದ ಕೊನೆಯಲ್ಲಿ ರಾಜೀವ ಮನೆ ಬಿಟ್ಟು ನಡೆದುಹೋಗುವಾಗ ತನ್ನ ತಂದೆ ಥಿಯೇಟರಿನಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡದ್ದನ್ನು ಹೇಳಿದ, ಈಗ ಆ ಚಿತ್ರ ಟಿ.ವಿ.ಯಲ್ಲಿ ಬಂದರೆ ತಾನು ಎದ್ದು ಹೊರಗೆ ಹೋಗುತ್ತೇನೆ ಎಂದ. 1972ರ ಚಿತ್ರ, ಎರಡು ತಲೆಮಾರಿನ ಗಂಡಸರು, ಒಂದು ಟವೆಲು. ನಿರೂಪಕ ಒಂದು ಕ್ಷಣ ಸುಮ್ಮನಿದ್ದ. ಬಾನುಲಿಯಲ್ಲಿ ಮೌನ ಎಷ್ಟು ದುಬಾರಿ ಎಂದು ಬಲ್ಲವರು ಅವನ ಧೈರ್ಯವನ್ನು ಮೆಚ್ಚಬೇಕು. ಮರುಕ್ಷಣ ಹಿನ್ನೆಲೆಯಲ್ಲಿ ಯಾರೋ ಪಿಟೀಲಿನ ಅಳು ಹಾಕಿ ಎಲ್ಲ ಕೆಡಿಸಿದರು, ಅದು ಬೇರೆ ಮಾತು.

ಇನ್ನು ಫೋನಿನ ಕುಚೇಷ್ಟೆ. ದಿಲ್ಲಿಯ ನಾವೇದರ ‘ಮಿರ್ಚಿ ಮುರ್ಗಾ’, ಬೆಂಗಳೂರಿನ ರೆಡ್ ಎಫ್‌ಎಂನ ‘ಕಲರ್ ಕಾಗೆ’ ಮೊದಲಾದವು ಹೆಸರಾಗಿರುವುದು ಇದರಿಂದಲೇ. ‘ಕಾಗೆ ಹಾರಿಸುವುದು’ ಎಂಬ ನಮ್ಮ ಮಾತಿಗೆ ಬಣ್ಣ ಬಳಿದ ಹೆಸರೇನೋ ಚೆನ್ನಾಗಿದೆ. ಇಂಥ ಕರೆಗಳ ಪಾಕ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ. ಗೆಳೆಯನೊಬ್ಬ ನಂಬರು ಕೊಟ್ಟಿರುತ್ತಾನೆ, ಜೊತೆಗೊಂದು ಗುಟ್ಟು. ನೀನು ನನ್ನ ಬೈಕಿಗೆ ಗುದ್ದಿದೆ, ಸಾಲದ ಕಂತು ಕಟ್ಟಿಲ್ಲ ಎಂದು ಕೆಣಕುತ್ತ ಹೋಗಬೇಕು. ಎದುರಿನವ ಮೊದಲು ‘ಸಾರ್’ ಎನ್ನುತ್ತಾನೆ, ಆಮೇಲೆ ‘ರೀ’, ಆಮೇಲೆ ‘ಲೇ’. ಆ ‘ಲೇ’ ಬರುವ ತನಕ ಅಡುಗೆ ಬೆಂದಿಲ್ಲವೆಂದು ಲೆಕ್ಕ. ‘ನೀನು ಗಂಡಸಾದರೆ ಬಾರೋ’ ಎಂಬ ಮಾತು ಬಂದರಂತೂ ನಿಲಯಕ್ಕೆ ಸುಗ್ಗಿ. ಅಲ್ಲಿಗೆ ಗುಟ್ಟು ಬಿಚ್ಚುತ್ತಾರೆ. ಬೈಯುತ್ತಿದ್ದವನು ‘ಅಯ್ಯೋ, ನೀವಾ ಸಾರ್!’ ಎಂದು ನಗುತ್ತಾನೆ.

ನಮ್ಮ ತಕರಾರು ಇರುವುದು ಈ ಕೊನೆಯ ನಗೆಯ ಬಗ್ಗೆ. ಆತ ನಕ್ಕ, ಆದ್ದರಿಂದ ಒಪ್ಪಿದ ಎಂದು ನಿಲಯದವರು ತಿಳಿಯುತ್ತಾರೆ. ಬೇರೆ ಏನು ಮಾಡಲು ಅವನಿಗೆ ಸಾಧ್ಯವಿತ್ತು? ಊರೆಲ್ಲ ಕೇಳುತ್ತಿದೆ, ನಂಬರು ಕೊಟ್ಟ ಗೆಳೆಯನೂ ಕೇಳುತ್ತಿದ್ದಾನೆ. ಬೇಡ, ಇದನ್ನು ಪ್ರಸಾರ ಮಾಡಬೇಡಿ ಎಂದರೆ ತಮಾಷೆ ತಡೆಯಲಾರದ ಅಳುಮುಂಜಿ ಎನಿಸಿಕೊಳ್ಳಬೇಕು. ಅವನನ್ನು ರೇಗಿಸಿದ್ದು ಯಾವ ಗಂಡಸುತನವೋ ಅವನಿಂದ ಒಪ್ಪಿಗೆ ಹಿಂಡಿಕೊಳ್ಳುವುದೂ ಅದೇ. ಡ್ಯಾನಿಶ್ ಸೇಠರ ನೊಗ್‌ರಾಜ್ ಹುಟ್ಟಿದ್ದೂ ಬೆಂಗಳೂರಿನ ಬಾನುಲಿಯ ಇಂಥ ಕರೆಗಳಿಂದಲೇ, 2018ರಲ್ಲಿ ‘ಹಂಬಲ್ ಪೊಲಿಟೀಷಿಯನ್ ನೊಗ್‌ರಾಜ್’ ಎಂಬ ಚಿತ್ರವಾದದ್ದೂ ಆ ಪಾತ್ರವೇ. ಅಲ್ಲಿ ನಾವು ನಗುವುದು ಬಹುಪಾಲು ಫೋನು ಮಾಡಿದ ರಾಜಕಾರಣಿಯ ದರ್ಪವನ್ನು ಕಂಡು. ಫೋನು ಎತ್ತಿದವನು ನಮ್ಮ ನಿಮ್ಮಂಥವನು, ತಬ್ಬಿಬ್ಬಾಗಿದ್ದಾನೆ, ಅಷ್ಟೆ. ಕುಚೇಷ್ಟೆಯಲ್ಲೂ ಇಷ್ಟು ತಾರತಮ್ಯ ಸಾಧ್ಯವೆಂಬುದಕ್ಕೆ ಈ ಉದಾಹರಣೆ ಸಾಕು.

ಗುಟ್ಟು ಬಿಚ್ಚಿ ನಗಿಸುವ ಆ ಕೊನೆಯ ಶಾಸ್ತ್ರವೂ ನಡೆಯದಿದ್ದರೆ? 2012ರ ಡಿಸೆಂಬರ್ 4ರಂದು ಸಿಡ್ನಿಯ 2ಡೇ ಎಫ್‌ಎಂ ನಿಲಯದ ಇಬ್ಬರು ನಿರೂಪಕರು ಇಂಗ್ಲೆಂಡಿನ ರಾಣಿ ಮತ್ತು ಯುವರಾಜರ ದನಿ ಅನುಕರಿಸಿ, ಬಸುರಿ ರಾಜಸೊಸೆ ದಾಖಲಾಗಿದ್ದ ಲಂಡನ್ನಿನ ಆಸ್ಪತ್ರೆಗೆ ಫೋನು ಮಾಡಿದರು. ಅಲ್ಲಿ ಬೆಳಗಿನ ಜಾವ ಐದೂವರೆ. ಕರೆ ಎತ್ತಿಕೊಳ್ಳಲು ಬೇರೆ ಯಾರೂ ಇರಲಿಲ್ಲವಾಗಿ ದಾದಿಯೊಬ್ಬರು ಎತ್ತಿ ವಾರ್ಡಿಗೆ ಜೋಡಿಸಿದರು. ಆಕೆ ಮಾಡಿದ್ದು ಅಷ್ಟೇ. ಯಾರ ಒಪ್ಪಿಗೆಯೂ ಇಲ್ಲದೆ ಅದು ಪ್ರಸಾರವಾಯಿತು, ಜಗತ್ತೆಲ್ಲ ನಕ್ಕಿತು. ಡಿಸೆಂಬರ್ 7ರಂದು ಆಕೆ ಪ್ರಾಣ ಕಳೆದುಕೊಂಡರು. ಆಕೆ ಮಂಗಳೂರು ಕಡೆಯವರು. ಹತ್ತು ದಿನಗಳ ಮೇಲೆ ಉಡುಪಿ ಜಿಲ್ಲೆಯ ಶಿರ್ವದಲ್ಲಿ ಮಣ್ಣಾದರು. ನಿಲಯದ ಒಡೆಯರು ಕುಟುಂಬಕ್ಕೆ ಕನಿಷ್ಠ 5 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡುವುದಾಗಿ ಪ್ರಕಟಿಸಿದರು. ಒಪ್ಪಿಗೆಯಿಲ್ಲದೆ ಖಾಸಗಿ ಮಾತು ಮುದ್ರಿಸಿದ ಬಗ್ಗೆ ಅಲ್ಲಿನ ನಿಯಂತ್ರಣ ಮಂಡಲಿ ನಿಲಯವನ್ನು ತಪ್ಪಿತಸ್ಥವೆಂದು ಎಣಿಸಬಹುದೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, ಎಣಿಸಬಹುದು ಎಂದು ಆಸ್ಟ್ರೇಲಿಯದ ಉಚ್ಚತಮ ನ್ಯಾಯಾಲಯ 2015ರಲ್ಲಿ ತೀರ್ಮಾನ ಕೊಟ್ಟಿತು. ಆ ನಿರೂಪಕರು ಕೇಡಿಗಳಾಗಿರಲಿಲ್ಲ; ತಮ್ಮ ಕಳಪೆ ದನಿಗೆ ಆ ಕಡೆಯವರು ಮೊದಲ ಸಾಲಿನಲ್ಲೇ ಫೋನು ಇಟ್ಟುಬಿಡುತ್ತಾರೆ ಎಂದುಕೊಂಡಿದ್ದರಂತೆ. ಪರದೇಶದಲ್ಲಿ ದುಡಿಯುವ ಹೆಂಗಸು ದೊಡ್ಡವರ ಹೆಸರು ಕೇಳಿದಾಗ ಫೋನು ಇಡುವುದಿಲ್ಲ, ನೆಟ್ಟಗೆ ಎದ್ದು ನಿಲ್ಲುತ್ತಾಳೆ. ಊರು ಬಿಟ್ಟು ಬಂದ ನಮಗೆ ಇದು ಗೊತ್ತು, ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ಭಾಷೆ. ‘ಗುರು’, ‘ಮಗಾ’, ‘ಸಿಸ್ಯ’ ಎಂದು ನಮ್ಮ ಮಕ್ಕಳು ಇವರಿಂದ ಕಲಿತು ಬಂದರೆ ನಮ್ಮ ಆಕ್ಷೇಪಣೆ ಇಲ್ಲ. ರಾಜ್ಯೋತ್ಸವದ ಭಾಷಣದ ಕನ್ನಡದಲ್ಲಿ ಯಾರೂ ಸ್ನೇಹ ಮಾಡಲಾರರು. ಹುಡುಗರಿಗೆ ಚಿಲ್ಲರೆ ನಾಣ್ಯವೂ ಬೇಕು. ಆದರೆ ಒಂದನ್ನು ಗಮನಿಸಬೇಕು. ಇದೇ ನಿರೂಪಕ ಚಿನ್ನದಂಗಡಿಯ ಜಾಹೀರಾತು ಓದುವಾಗ ಅಚ್ಚುಕಟ್ಟಾದ ಪುಸ್ತಕದ ಕನ್ನಡ ಓದುತ್ತಾನೆ. ಕುಚೇಷ್ಟೆಯ ಕರೆಗೆ ಕುಳಿತನೋ, ಮಂಡ್ಯದವನಾಗುತ್ತಾನೆ, ಇಲ್ಲವೆ ಹುಬ್ಬಳ್ಳಿಯವನಾಗುತ್ತಾನೆ. ಸಾಲ ಕಟ್ಟದವನು, ಜಗಳಗಂಟ, ದಡ್ಡ, ಎಲ್ಲರಿಗೂ ಹಳ್ಳಿಯ ನಾಲಗೆ. ಬೆಂಗಳೂರಿನಲ್ಲಿ ಕೇಳುವವನಿಗೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ನಿಜವಾದ ಮಂಡ್ಯದವರು ಸಿಗುತ್ತಾರೆ, ಲೆಕ್ಕ ಸರಿಹೋಗುತ್ತದೆ. ಕಾಂದಿವಲಿಯ ಏಳನೆಯ ಮಹಡಿಯಲ್ಲಿ ಕೇಳುವ ಹುಡುಗಿಗೆ ಈ ತುಣುಕುಗಳೇ ಮಂಡ್ಯ. ನಮ್ಮ ಬಳಗದ ಅಂಥ ಒಬ್ಬಳು ಬೇಸಿಗೆ ರಜೆಗೆ ಮೊದಲ ಸಲ ಮದ್ದೂರಿನ ಹತ್ತಿರದ ಅಜ್ಜಿಯ ಊರಿಗೆ ಹೋಗಿ, ಅಜ್ಜಿ ಬಾಯಿ ತೆರೆದ ಕೂಡಲೇ ಕಿಲಕಿಲ ನಕ್ಕಳಂತೆ. ಅಜ್ಜಿ ಕೇಳಿದ್ದು, ಊಟ ಆಯ್ತಾ ಎಂದು.